ಉದ್ಘಾಟನೆಯ ಹಾರ

“ಗುರುಗಳೇ, ನಗರದ ಬೋಳು ಚೌಕಗಳನ್ನು ಹಸಿರು ಮಾಡುವುದು ಒಳ್ಳೆಯ ಕೆಲಸವಲ್ಲವೇ? ಹೊಸ ಚೌಕದ ಉದ್ಘಾಟನೆಗೆ ಕರೆದರೂ ನೀವೇಕೆ ಹೋಗಲಿಲ್ಲ?” ಎಂದು ಶಿಷ್ಯ ಕೇಳಿದ.

ಗುರುಗಳ ದನಿ ಗಡುಸಾಯಿತು. ಅವರು ಹೇಳಿದರು:

ಒಂದು ಚೌಕದಲ್ಲಿ ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಹೂ ಮಾರುತ್ತಿದ್ದಳು. ಅವಳ ಗಂಡ ತೀರಿಕೊಂಡಾಗ ಮೈದುನ, “ಗಂಡನಿಲ್ಲದವಳ ಕೈಯಿಂದ ಹೂ ಯಾರು ಕೊಳ್ತಾರೆ? ಇದು ನಿನ್ನಿಂದ ಆಗದ ಮಾತು” ಎಂದು ನಕ್ಕಿದ್ದ. ಅವಳು ಆ ಮರದಡಿಯಲ್ಲೇ ಕೂತು, ಮೊಳ ಹಾಕಿ ಹೂ ಅಳೆದು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು.

ಒಬ್ಬ ಅಧಿಕಾರಿ ಬಂದ. ಚೌಕವನ್ನು ಹಸಿರು ಮಾಡುತ್ತೇನೆಂದ. ಹುಲ್ಲು ಹಾಸಿಸಿದ, ಹೂಗಿಡ ನೆಡಿಸಿದ, ಸುತ್ತ ಕಬ್ಬಿಣದ ಬೇಲಿ ಹಾಕಿಸಿದ. ಮರ ಒಳಗೆ ಉಳಿಯಿತು. ನೀರಿನ ನಲ್ಲಿಯೂ ಒಳಗೆ ಉಳಿಯಿತು. ಅವಳು ಹೊರಗೆ ಬಿದ್ದಳು. ಹುಲ್ಲಿಗೆ ಎರಡು ಹೊತ್ತೂ ನೀರು ಬಿಟ್ಟರು. ಬಾಡುತ್ತಿದ್ದ ಹೂವಿಗೆ ಚಿಮುಕಿಸಲು ಅವಳು ಒಂದು ಚೊಂಬು ನೀರು ಕೇಳಿದಾಗ ಕಾವಲುಗಾರ ಕೋಲು ತೋರಿಸಿದ. ಅವಳು ಬೇಲಿಗೆ ಒರಗಿ ಬಿಸಿಲಲ್ಲೇ ಕೂತಳು.

ಉದ್ಘಾಟನೆಯ ದಿನ ಬಂತು. ಮಂತ್ರಿ ಬರುವ ಹೊತ್ತಾಯಿತು. ಕುಂಡಗಳಿಗೆಲ್ಲ ಬಣ್ಣ ಹೊಡೆಸಿದವರು ಹಾರ ತರಿಸುವುದನ್ನೇ ಮರೆತಿದ್ದರು. ಅಧಿಕಾರಿ ತಾನೇ ಓಡಿ ಬಂದ.

“ಬೇಗ ಒಂದು ಹಾರ ಕಟ್ಟಮ್ಮ. ಇವತ್ತೊಂದು ದಿನ ಒಳಗೇ ಬಂದು ನೆರಳಲ್ಲಿ ಕೂತ್ಕೋ.”

“ನಾಳೆ ಎಲ್ಲಿ ಕೂರಲಿ, ಸ್ವಾಮಿ?”

“ಅದನ್ನ ಆಮೇಲೆ ನೋಡೋಣ. ಮೊದಲು ಕಟ್ಟು.”

“ಒಳಗೆ ಅಷ್ಟೊಂದು ಹೂ ಬಿಟ್ಟಿದೆಯಲ್ಲ. ಕಿತ್ತು ಪೋಣಿಸಿಕೊಳ್ಳಿ.”

“ಅದು ಕೀಳೋ ಹೂವಲ್ಲಮ್ಮ, ನೋಡೋ ಹೂವು!”

“ಹಾಗಾದರೆ ನನ್ನ ಹೂವನ್ನೂ ನೋಡಿಕೊಂಡು ಹೋಗಿ” ಎಂದು ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು.

ಮಂತ್ರಿ ಬರಿಗೊರಳಿನಲ್ಲೇ ರಿಬ್ಬನ್ ಕತ್ತರಿಸಿ ಹೋದ. ಸಂಜೆಯೊಳಗೆ ಅವಳನ್ನು ಬೇಲಿಯ ಪಕ್ಕದಿಂದಲೂ ಎಬ್ಬಿಸಿದರು.

ಗುರುಗಳು ಕತೆ ನಿಲ್ಲಿಸಿದರು.

“ಒಂದು ಹಾರ ಕಟ್ಟಿಕೊಟ್ಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು?” ಎಂದ ಶಿಷ್ಯ. “ಹಟ ಮಾಡಿ ಇದ್ದ ಜಾಗವನ್ನೂ ಕಳೆದುಕೊಂಡಳು. ಈಗ ಅವಳದೆಂದು ಏನಿದೆ?”

“ತಲೆಯ ಮೇಲೊಂದು ಬುಟ್ಟಿ ಇದೆ, ತಲೆ ಬಗ್ಗಿಸದ್ದಕ್ಕೆ ಅದನ್ನು ಇಳಿಸುವ ಜಾಗವನ್ನೇ ಬೆಲೆಯಾಗಿ ತೆತ್ತಿದ್ದಾಳೆ, ಇವತ್ತು ಬೆಳಿಗ್ಗೆ ನಮ್ಮ ಮಠದ ಜಗಲಿಯ ಮೇಲೆ ಇಳಿಸಬೇಡ ಎಂದು ನೀನು ಗದರಿದ್ದು ಅವಳನ್ನೇ.”