ತಪ್ಪು ಮಾಡಿದವನು ಅಂಗಣದಲ್ಲೇ ಇರಲಿ

“ಗುರುಗಳೇ, ಸೋಲುತ್ತಿರುವವನು ಎಲ್ಲಿಯವರೆಗೆ ನಿಲ್ಲಬೇಕು?” ಎಂದು ಶಿಷ್ಯ ಕೇಳಿದ.

ಅವನು ಊರಿನ ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ. ಆ ಕೆಲಸಕ್ಕೆ ಅವನನ್ನು ಹಚ್ಚಿದವರು ಗುರುಗಳೇ. ನುರಿತ ಆಟಗಾರರನ್ನು ಹೊರಗಿನಿಂದ ಕರೆಸದೆ ಅವನು ಎಳೆಯರನ್ನೇ ನಂಬಿ ಆಡಿಸಿದ. ವರ್ಷವಿಡೀ ಸೋತ. ಊರು ನಗುತ್ತಿತ್ತು.

ಅವನು ಕೊರಳಿನ ಸೀಟಿಯನ್ನು ಬಿಚ್ಚಿ ಗುರುಗಳ ಮುಂದಿಟ್ಟ. “ನನ್ನಿಂದ ತಪ್ಪಾಯಿತು. ಇದನ್ನು ಬೇರೆ ಯಾರಿಗಾದರೂ ಕೊಡಿ” ಎಂದ.

ಗುರುಗಳು ಸೀಟಿಯನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಒಂದು ಬಾಸ್ಕೆಟ್‌ಬಾಲ್ ತಂಡವಿತ್ತು. ಸಂಬಳ ಕೊಟ್ಟು ಆಡಿಸುವ ತಂಡ. ಹೆಸರು ಮಾಡಿದ ಆಟಗಾರರನ್ನು ಅವನು ಎಲ್ಲೆಲ್ಲಿಂದಲೋ ಕೊಂಡು ತರುತ್ತಿದ್ದ. ಅವರು ಒಂದು ವರ್ಷ ಗೆಲ್ಲಿಸುತ್ತಿದ್ದರು. ಮರುವರ್ಷ ಹೆಚ್ಚು ಕೊಡುವವರ ಕಡೆಗೆ ಹೋಗುತ್ತಿದ್ದರು. ಅವರು ಹೋದ ಮೇಲೆ ವರ್ತಕನಿಗೆ ಉಳಿಯುತ್ತಿದ್ದುದು ಅವರು ಬಿಚ್ಚಿಟ್ಟ ಅಂಗಿಗಳು ಮಾತ್ರ.

ಒಂದು ವರ್ಷ ಹೆಸರುವಾಸಿಗಳು ಯಾರೂ ಬರಲಿಲ್ಲ. ವರ್ತಕ ಒಬ್ಬ ತರಬೇತುದಾರನನ್ನು ಕರೆಸಿ, ತಂಡವನ್ನು ಹೊಸದಾಗಿ ಕಟ್ಟಿಕೊಡು ಎಂದ. ತರಬೇತುದಾರ ಆ ಪಟ್ಟಣದ ಶಾಲೆಗಳ ಮೈದಾನಗಳನ್ನು ಸುತ್ತಿ ಹುಡುಗರನ್ನು ಆರಿಸಿದ. ಕೆಲವರಿಗೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ.

ಆ ಆಟದಲ್ಲಿ ಎಲ್ಲ ಕಡೆಯೂ ಒಂದು ರೂಢಿಯಿದೆ. ಎಳೆಯನೊಬ್ಬ ಚೆಂಡು ಕಳೆದುಕೊಂಡರೆ ಅವನನ್ನು ಕೂಡಲೇ ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸುತ್ತಾರೆ. ಅವನ ಬದಲು ಇನ್ನೊಬ್ಬನನ್ನು ಒಳಗೆ ಕಳಿಸುತ್ತಾರೆ. ಈ ತರಬೇತುದಾರ ಆ ರೂಢಿಯನ್ನು ಮುರಿದ. “ತಪ್ಪು ಮಾಡಿದವನು ಅಂಗಣದಲ್ಲೇ ಇರುತ್ತಾನೆ. ಚೆಂಡು ತನ್ನ ಕಡೆ ಬರದಿದ್ದರೆ ಸಾಕು ಎಂದು ಅಡಗುವವನನ್ನು ಮಾತ್ರ ನಾನು ಹೊರಗೆ ಕರೆಯುತ್ತೇನೆ” ಎಂದು ಹುಡುಗರಿಗೆ ಹೇಳಿದ.

ಅವರಲ್ಲಿ ಒಬ್ಬ ಗಿಡ್ಡ ಹುಡುಗ. ಮೊದಲ ಪಂದ್ಯದಲ್ಲಿ ಅವನು ಎದುರಾಳಿಗಳ ಬೆನ್ನ ಹಿಂದೆ ನಿಂತು ಹೊತ್ತು ಕಳೆದ. ತರಬೇತುದಾರ ಅವನನ್ನು ಹೊರಗೆ ಕರೆದ. ಆಮೇಲಿನ ಪಂದ್ಯಗಳಲ್ಲಿ ಹುಡುಗ ಕೈಯೆತ್ತಿ ಚೆಂಡು ಕೇಳತೊಡಗಿದ. ಸಿಕ್ಕ ಚೆಂಡನ್ನು ಕಳೆದುಕೊಳ್ಳತೊಡಗಿದ. ಈಗ ಅವನನ್ನು ಯಾರೂ ಕರೆಯಲಿಲ್ಲ.

ತಂಡ ಸೋತಿತು. ಮತ್ತೆ ಮತ್ತೆ ಸೋತಿತು. ನೋಡುವವರು ಕೂಗಿದರು: “ಮೇಷ್ಟ್ರೇ, ಇದು ತಂಡವೋ ಅಂಗನವಾಡಿಯೋ? ಊಟದ ಗಂಟೆ ಹೊಡೀರಿ!”

ತರಬೇತುದಾರ ತಿರುಗಿ, “ಉಂಡ ಮಕ್ಕಳು ಬೆಳೆಯುತ್ತಾರೆ. ನೀವೂ ಕೂತು ನೋಡಿ” ಎಂದ.

ವರ್ಷದ ಕೊನೆಯ ಪಂದ್ಯ ಬಂತು. ಅದನ್ನು ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ವರ್ತಕನಿಗೆ ತಡೆಯಲಾಗಲಿಲ್ಲ. ಹೆಸರುವಾಸಿಯಾದ ಒಬ್ಬ ಹಳೆಯ ಆಟಗಾರನನ್ನು ತಂದು ಬೆಂಚಿನ ಮೇಲೆ ಕೂರಿಸಿದ. “ಕೊನೆಗೆ ಇವನನ್ನು ಇಳಿಸು. ಇಲ್ಲದಿದ್ದರೆ ನಾಳೆ ನೀನಿರುವುದಿಲ್ಲ” ಎಂದ.

ಆಟ ಮುಗಿಯುತ್ತ ಬಂದಾಗ ತಂಡ ಒಂದೇ ಅಂಕ ಹಿಂದಿತ್ತು. ಗಿಡ್ಡ ಹುಡುಗ ಆಗತಾನೇ ಚೆಂಡು ಕಳೆದುಕೊಂಡಿದ್ದ. ಹಳೆಯ ಆಟಗಾರ ಎದ್ದು ಮೇಲಂಗಿ ಬಿಚ್ಚಿದ. ಹುಡುಗ ಬೆಂಚಿನ ಕಡೆ ನೋಡಿದ. ತರಬೇತುದಾರ ಕೈಕಟ್ಟಿ ಕುಳಿತೇ ಇದ್ದ. ಹುಡುಗ ಮತ್ತೆ ಚೆಂಡು ಕೇಳಿದ, ಪಡೆದ, ಎಸೆದ. ಚೆಂಡು ಬುಟ್ಟಿಯ ಬಳೆಯ ಸುತ್ತ ಒಂದು ಸುತ್ತು ಬಂದು ಹೊರಗೆ ಬಿತ್ತು.

“ಹೊರಡು” ಎಂದ ವರ್ತಕ.

“ಹೊರಡುತ್ತೇನೆ. ಹುಡುಗರನ್ನು ಕಳಿಸಬೇಡಿ. ಅವರು ಕಲಿಯುವ ನಷ್ಟವನ್ನು ನೀವು ಹೊತ್ತಾಗಿದೆ. ಕಲಿತದ್ದರ ಲಾಭ ಇನ್ನೊಬ್ಬನಿಗೆ ಯಾಕೆ?” ಎಂದ ತರಬೇತುದಾರ.

ಈ ಮಾತು ವರ್ತಕನಿಗೆ ಅರ್ಥವಾಯಿತು. ಕೆಳಗಿಳಿದ ತಂಡಕ್ಕೆ ಬೇರೆ ಯಾರೂ ಬರುತ್ತಲೂ ಇರಲಿಲ್ಲ. ಅವನು ಹುಡುಗರನ್ನು ಉಳಿಸಿಕೊಂಡು ಹೊಸ ತರಬೇತುದಾರನನ್ನು ತಂದ.

ಮರುವರ್ಷದ ಮೊದಲ ಪಂದ್ಯ. ಗಿಡ್ಡ ಹುಡುಗ ಚೆಂಡು ಕಳೆದುಕೊಂಡ. ಹೊಸ ತರಬೇತುದಾರ ರೂಢಿಯಂತೆ ಬೆಂಚಿನ ಕಡೆ ತಿರುಗಿ, ಮೊದಲ ಜಾಗದಲ್ಲಿ ಕುಳಿತಿದ್ದ ಹುಡುಗನಿಗೆ, “ಏಳು. ಅವನ ಬದಲು ನೀನು ಹೋಗು” ಎಂದ.

ಅವನು ಒಳಗೆ ಹೋಗಲು ಬಹಳ ದಿನದಿಂದ ಹಂಬಲಿಸುತ್ತಿದ್ದವನು. ಆದರೂ ಏಳಲಿಲ್ಲ. “ಅವನು ತಪ್ಪು ಮಾಡಿದ, ಸರ್. ಅಡಗಲಿಲ್ಲ” ಎಂದ.

“ನಿನಗೆ ಆಡುವ ಆಸೆಯಿಲ್ಲವೇನೋ?”

“ಇದೆ ಸರ್. ಇವತ್ತು ನಾನು ಎದ್ದರೆ, ನಾಳೆ ನಾನು ತಪ್ಪಿದಾಗ ಇವನು ಏಳುತ್ತಾನೆ” ಎಂದು ಪಕ್ಕದವನನ್ನು ತೋರಿಸಿದ.

ತರಬೇತುದಾರ ಪಕ್ಕದವನನ್ನು ನೋಡಿದ. ಅವನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದ. ಮೂರನೆಯವನು ಮೇಲಿನ ದೀಪಗಳನ್ನು ನೋಡುತ್ತಿದ್ದ. ಬೆಂಚಿನಿಂದ ಒಬ್ಬನೂ ಏಳಲಿಲ್ಲ.

ತರಬೇತುದಾರ ಸಿಟ್ಟಿನಿಂದ ವರ್ತಕನ ಕಡೆ ನೋಡಿದ. ವರ್ತಕ ಎಷ್ಟೋ ಆಟಗಾರರನ್ನು ಕೊಂಡಿದ್ದ. ಇನ್ನೊಬ್ಬನಿಗಾಗಿ ಬೆಂಚಿನ ಮೇಲೆ ಕುಳಿತವನನ್ನು ಮಾತ್ರ ಅವನು ಆವರೆಗೆ ಕಂಡಿರಲಿಲ್ಲ.

“ಅವನೇ ಆಡಲಿ ಬಿಡಿ” ಎಂದ.

ಆ ವರ್ಷ ತಂಡ ಇಳಿದಲ್ಲಿಂದ ಮೇಲೆ ಬಂತು. ವರ್ತಕ ಮೊದಲಿನ ತರಬೇತುದಾರನನ್ನು ಹುಡುಕಿಕೊಂಡು ಹೋದ. ಅವನು ಇನ್ನೊಂದು ಬಡಾವಣೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದ.

“ಗೆದ್ದೆವು. ವಾಪಸು ಬಾ” ಎಂದ ವರ್ತಕ.

“ಬರುತ್ತೇನೆ. ಇವರನ್ನೂ ಕರೆದುಕೊಂಡು ಬರುತ್ತೇನೆ” ಎಂದ ತರಬೇತುದಾರ. “ಇವರು ಸೋಲುವುದು ಇನ್ನೂ ಬಾಕಿಯಿದೆ.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, “ಆದರೂ ಊರು ನಗುತ್ತದಲ್ಲ, ಗುರುಗಳೇ” ಎಂದ.

ಗುರುಗಳು ಸೀಟಿಯನ್ನು ಅವನ ಕಡೆಗೆ ತಳ್ಳಿ ಕೇಳಿದರು: “ನೀನು ಸೋತು ಬಂದಿದ್ದೀಯೋ, ಅಡಗಲು ಬಂದಿದ್ದೀಯೋ?”