ಬಾಣಂತನಕ್ಕೆ ಹೊರಟ ಬಸವನಹುಳು

ಬೇಲಿಯಾಚೆಯ ತೋಟದಲ್ಲಿ ನೆಲೆಸಿದ್ದ ಮಗಳ ಬಾಣಂತನಕ್ಕೆಂದು ಮುದಿ ಬಸವನಹುಳುವೊಂದು ಹೊರಟಿತು. ಬೇಲಿ ಕಾಯುತ್ತಿದ್ದ ಓತಿಕ್ಯಾತ ಅದನ್ನು ತಡೆಯಿತು.

"ಬಾಣಂತನಕ್ಕೆಂದು ಬಂದವರು ಮೊಮ್ಮಕ್ಕಳ ಮದುವೆಯಾದರೂ ಹೊರಡುವುದಿಲ್ಲ, ತಾಯಿ. ಹಿಂತಿರುಗಲು ನಿಮಗೆ ಮನೆ ಇದೆಯೇ?"

"ಇದೆ ಸ್ವಾಮಿ. ಬೆನ್ನ ಮೇಲೆಯೇ ಇದೆ, ನೋಡಿ."

"ಮನೆಯನ್ನೇ ಹೊತ್ತು ತಂದವರು ಹಿಂತಿರುಗುವುದು ಯಾತಕ್ಕೆ? ಬಿಡಲಾಗದು," ಎಂದು ಓತಿಕ್ಯಾತ ಅಭ್ಯಾಸದಂತೆ ತಲೆಯಾಡಿಸಿತು.

ಬಸವನಹುಳು ಹಿಂದಕ್ಕೆ ಹೋಯಿತು. ಹುಟ್ಟಿದಂದಿನಿಂದ ಮೈಗಂಟಿದ್ದ ಚಿಪ್ಪನ್ನು ಹೇಗೋ ಕಳಚಿ, ತನ್ನ ಊರಿನ ಕಲ್ಲಿನ ಮರೆಯಲ್ಲಿಟ್ಟು, ಬರಿಮೈಯಲ್ಲಿ ಮರಳಿ ಬಂದಿತು.

"ಮನೆಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಬೇಗ ಒಳಗೆ ಬಿಡಿ ಸ್ವಾಮಿ, ಬಿಸಿಲೇರುತ್ತಿದೆ."

"ಪರಿಶೀಲಿಸಬೇಕು. ಅಲ್ಲಿಯವರೆಗೆ ಇಲ್ಲೇ ಕಾಯಿರಿ."

ಓತಿಕ್ಯಾತ ಆ ಕಲ್ಲಿನವರೆಗೆ ಹೋಯಿತು. ಚಿಪ್ಪಿನ ಒಳಗೂ ಹೊರಗೂ ನೋಡಿತು. ದಾರಿಯಲ್ಲಿ ಊಟ ಮುಗಿಸಿಕೊಂಡು ಬಂದಿತು. ಅಷ್ಟರಲ್ಲಿ ಬೇಲಿಯ ಬುಡದಲ್ಲಿ ಬಸವನಹುಳು ಒಣಗಿಹೋಗಿತ್ತು.

ಸಂಜೆ ಮಗಳು ಬೇಲಿಯ ಒಳಗಿನಿಂದ ಕೇಳಿದಳು: "ನಮ್ಮಮ್ಮ ಬಂದಿದ್ದರೇ?"

"ಬಂದಿದ್ದರು," ಎಂದಿತು ಓತಿಕ್ಯಾತ. "ಹಿಂತಿರುಗಲು ಅವರಿಗೆ ಮನೆ ಇರುವುದು ಖಾತ್ರಿಯಾಗಿದೆ. ಇನ್ನು ಒಳಗೆ ಬರಬಹುದು."

ಹೇಳಿ, ಅಭ್ಯಾಸದಂತೆ ತಲೆಯಾಡಿಸಿತು.