ಹೊಳೆ ತಿಳಿದ ಕೈ

ಕೃಷ್ಣೆಗೆ ಸೇತುವೆ ಇಲ್ಲದ ಕಾಲ. ಹೊಸಗಡ್ಡಿ ಗ್ರಾಮದ ಹೊಳೆಮಠದಲ್ಲಿ ಪೂಜ್ಯ ಶ್ರೀ ಕಲ್ಲಿನಾಥ ಶಿವಯೋಗಿಗಳು ಬಿಜಯಂಗೈದಿದ್ದರು. ಮಠವೆಂದರೆ ಒಂದು ಮಣ್ಣಿನ ಮಾಳಿಗೆ, ಒಂದು ಗದ್ದುಗೆ, ಹಿಂದೆ ದಾಸೋಹದ ಅಡುಗೆಮನೆ, ಅಷ್ಟೆ. ಭಕ್ತರೆಲ್ಲ ‘ಅಪ್ಪಗಳು’ ಎಂದು ಕರೆಯುತ್ತಿದ್ದ ಆ ಮಹಾತ್ಮರು ಗದ್ದುಗೆಯ ಮೇಲಿದ್ದುದಕ್ಕಿಂತ ಒಲೆಯ ಮುಂದೆ ಇದ್ದುದೇ ಹೆಚ್ಚು.

ಆ ಒಲೆಗೆ ಅಪ್ಪಗಳೇ ಒಂದು ಕಟ್ಟು ಮಾಡಿದ್ದರು. ಶ್ರಾವಣದಲ್ಲಿ ಊರಿನ ಪ್ರತಿ ಮನೆಯಿಂದ ಒಬ್ಬರು ಸರದಿಯಂತೆ ಬಂದು ಒಂದು ದಿನ ರೊಟ್ಟಿ ಬಡಿಯಬೇಕು. ಆಳನ್ನು ಕಳಿಸುವಂತಿಲ್ಲ, ದಿನ ಬದಲಿಸುವಂತಿಲ್ಲ. ಆಳುಗಳಿಂದ ಸೇವೆ ಮಾಡಿಸಿ ಪುಣ್ಯವನ್ನು ತಾವು ಕಟ್ಟಿಕೊಳ್ಳುತ್ತಿದ್ದ ದೊಡ್ಡ ಮನೆಗಳನ್ನು ಕಂಡು ರೋಸಿಹೋಗಿ ಮಾಡಿದ ಕಟ್ಟು ಅದು. ಒಳ್ಳೆಯ ಕಟ್ಟೇ. ಆದರೆ ಅದನ್ನು ನಡೆಸುವ ಅಧಿಕಾರ ಮಠದ ಪಾರುಪತ್ಯಗಾರ ಶಂಭುಲಿಂಗಯ್ಯನ ಕೈಯಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಈತನೇ. ಪಾಳಿ ತಪ್ಪಿದರೆ ವಂಶಕ್ಕೆ ಕೇಡು ಎಂದು ಅಪ್ಪಗಳು ಕನಸಿನಲ್ಲೂ ಆಡದ ಮಾತನ್ನು ತಾನೇ ಸೇರಿಸಿ ಹೆದರಿಸಿಟ್ಟಿದ್ದ. ಇದನ್ನು ಹೇಳುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಂಬಿಗರ ಹುಲುಗಪ್ಪನ ಪಾಳಿ ಬಂದ ದಿನ ಹೊಳೆ ಕೆಂಪಾಗಿ ಏರಿತ್ತು. ಉಳಿದ ಅಂಬಿಗರ ಮನೆಗಳವರೆಲ್ಲ ಎಂದೋ ಹೊಲ ಹಿಡಿದಿದ್ದರು. ಸೆಳವಿನಲ್ಲಿ ಹರಗೋಲು ನಡೆಸಬಲ್ಲವನು ಎರಡೂ ದಂಡೆಗೆ ಹುಲುಗಪ್ಪನೊಬ್ಬನೇ. ಹೊಳೆ ಇಳಿದ ಮೇಲೆ ಬರುತ್ತೇನೆ ಎಂದು ಆತ ಬೆಳಿಗ್ಗೆಯೇ ಕೈಮುಗಿದು ಕೇಳಿದ. ಗೌಡರಿಗಿಲ್ಲದ ರಿಯಾಯಿತಿ ನಿನಗೇಕೆ ಎಂದು ಶಂಭುಲಿಂಗಯ್ಯ ಗದರಿದ. ಪಾಪ, ಹುಲುಗಪ್ಪ ಹರಗೋಲನ್ನು ದಂಡೆಗೆ ಕಟ್ಟಿ ಬಂದು ರೊಟ್ಟಿ ಬಡಿಯಲು ಕುಳಿತ. ಅವನು ಬಡಿದ ರೊಟ್ಟಿ ಎತ್ತಿದರೆ ಹರಿಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಯುವಕ ಬಂದು ನಿಂತ. ಮೈಯಿಂದ ಕೆಸರುನೀರು ಇಳಿಯುತ್ತಿತ್ತು, ತೇಲಲೆಂದು ಸೊಂಟಕ್ಕೆ ಕಟ್ಟಿಕೊಂಡ ಸೋರೆಬುರುಡೆ ಇನ್ನೂ ಹಾಗೆಯೇ ಇತ್ತು. ಆಚೆ ದಂಡೆಯ ಸಿದರಾಯ ಆತ, ಮಠ, ಸ್ವಾಮಿ ಎಂದರೆ ಮುಖ ತಿರುಗಿಸುವವನು. ಅವನ ಅಕ್ಕ ನೀಲವ್ವ ಹಿಂದಿನ ದಿನದಿಂದ ಹೆರಿಗೆಯ ನೋವಿನಲ್ಲಿದ್ದಳು. ಹೆರಿಗೆ ಮಾಡಿಸುವ ನರ್ಸಬಾಯಿ ಇದ್ದುದು ಈಚೆ ದಂಡೆಯಲ್ಲಿ. ಬೆಳಗಿನಿಂದ ಕೂಗಿ ಕೂಗಿ, ಹರಗೋಲು ಬಾರದೆ, ಕೊನೆಗೆ ಜೀವದ ಆಸೆ ಬಿಟ್ಟು ಈಜಿ ಬಂದಿದ್ದ. ಬಂದವನ ಕಣ್ಣಿಗೆ ಬಿದ್ದದ್ದು ಹಿಟ್ಟು ಮೆತ್ತಿದ ಹುಲುಗಪ್ಪನ ಕೈ.

“ಅಲ್ಲಿ ನಮ್ಮಕ್ಕನ ಜೀವ ಹೊಂಟೈತಿ. ಇಲ್ಲಿ ನೀವು ಅಂಬಿಗನ ಕೈಲೆ ರೊಟ್ಟಿ ಬಡಸಾಕತ್ತೀರಿ. ನಿಮ್ಮ ಪುಣ್ಯಕ್ಕ ಬೆಂಕಿ ಬೀಳ” ಎಂದ.

ಹುಲುಗಪ್ಪ ಅರ್ಧ ಎದ್ದು, ಪಾರುಪತ್ಯಗಾರನ ಮುಖ ನೋಡಿ, ಮತ್ತೆ ಕುಳಿತ. ಮಕ್ಕಳೊಂದಿಗನಾದ ಅವನಿಗೆ ವಂಶದ ಹೆದರಿಕೆ. ಪಾಳಿ ಮುಗಿಯಲಿ, ಸಂಜೆಗೆ ಕಳಿಸೋಣ ಎಂದು ಶಂಭುಲಿಂಗಯ್ಯ ಬಾಯಿ ತೆರೆದ.

ಅಪ್ಪಗಳು ಒಲೆಯ ಮುಂದಿನಿಂದ ಎದ್ದರು. ಅವರ ಕೋಪವನ್ನು ಅಲ್ಲಿದ್ದವರು ಅದುವರೆಗೆ ಕಂಡಿರಲಿಲ್ಲ. ಹುಲುಗಪ್ಪನ ಕೈಯಿಂದ ಹಿಟ್ಟಿನ ಮುದ್ದೆಯನ್ನು ಕಿತ್ತುಕೊಂಡರು.

“ರೊಟ್ಟಿ ಬಡಿಯೋ ಕೈ ಮನಿ ಮನಿಗೂ ಅದಾವ. ಹೊಳಿ ತಿಳಿದ ಕೈ ಇದೊಂದೇ. ಇವತ್ತಿನ ಈ ರೊಟ್ಟಿಗೆ ನಾವು ಏನು ಕೊಟ್ಟೀವಿ ಗೊತ್ತೈತೇನು ಶಂಭುಲಿಂಗಯ್ಯ? ಆ ಹೆಣ್ಣುಮಗಳ ಉಸಿರು ಕೊಟ್ಟೀವಿ.”

ಹುಲುಗಪ್ಪ ಓಡಿದ. ನರ್ಸಬಾಯಿಯನ್ನೂ ಸಿದರಾಯನನ್ನೂ ಕೂರಿಸಿಕೊಂಡು ಆ ಸೆಳವಿನಲ್ಲಿ ಹರಗೋಲು ಹಾಕಿದ. ಅಪ್ಪಗಳು ಅವನ ಜಾಗದಲ್ಲಿ ಕುಳಿತು ಸಂಜೆಯವರೆಗೆ ರೊಟ್ಟಿ ಬಡಿದರು, ತಾವು ಮಾತ್ರ ಅದರಲ್ಲಿ ಒಂದು ತುತ್ತನ್ನೂ ತಿನ್ನಲಿಲ್ಲ. ಅಪ್ಪಗಳ ಕೃಪೆಯಿಂದ ಹೊಳೆ ಅಂದು ಇಬ್ಭಾಗವಾಗಿ ದಾರಿ ಬಿಟ್ಟಿತೆಂದು ಕೆಲವರು ಕಥೆ ಕಟ್ಟಿದ್ದಾರೆ. ಸುಳ್ಳು. ಹೊಳೆ ಒಂದು ಗೇಣೂ ಇಳಿಯಲಿಲ್ಲ. ದಾಟಿಸಿದ್ದು ಹುಲುಗಪ್ಪನ ತೋಳು. ನೀಲವ್ವ ಉಳಿದಳು. ಕೂಸು ಉಳಿಯಲಿಲ್ಲ.

ಕೆಲವು ದಿನಗಳ ಮೇಲೆ ಸಿದರಾಯ ಮಠಕ್ಕೆ ಬಂದ. ಶಂಭುಲಿಂಗಯ್ಯನನ್ನು ಹುಡುಕಿಕೊಂಡು ಬಂದಿದ್ದ, ಮುಷ್ಟಿ ಬಿಗಿದಿತ್ತು. ಅಪ್ಪಗಳು ಅಡ್ಡ ಬಂದು, ಕಟ್ಟು ಮಾಡಿದವರು ನಾವು, ಬೈಯುವುದಾದರೆ ನಮ್ಮನ್ನು ಬೈ ಎಂದರು. ಅವನು ಬೈದ. ಬಾಯಿಗೆ ಬಂದಂತೆ ಬೈದ, ಸತ್ತ ಕೂಸಿನ ಹೆಸರಿನಲ್ಲಿ ಶಾಪ ಹಾಕಿದ. ತಡೆಯಲು ಬಂದ ಭಕ್ತರನ್ನು ಅಪ್ಪಗಳು ಕಣ್ಣಿನಲ್ಲೇ ದೂರ ನಿಲ್ಲಿಸಿದರು. ಬೈಗುಳ ಮುಗಿಯುವವರೆಗೂ ನಿಂತೇ ಕೇಳಿದರು, ಒಂದು ಸಮಾಧಾನದ ಮಾತನ್ನೂ ಆಡಲಿಲ್ಲ. ಹುಸಿ ಸಮಾಧಾನ ಹೇಳುವ ಜಾಯಮಾನ ಅವರದಲ್ಲ.

ಕೊನೆಗೆ ಕೇಳಿದರು. “ನಾಳೆ ಹುಲುಗಪ್ಪಗ ಜ್ವರ ಬಂದರ ಹೊಳಿ ದಾಟಿಸೋರು ಯಾರು? ನಿನಗ ಈಜು ಬರತೈತಿ. ಹೊಳಿ ಕಲೀತೀಯೇನು?”

ಸಿದರಾಯ ತಿರುಗಿ ಹೊರಟುಹೋದ. ಆದರೆ ಮರುದಿನ ಹುಲುಗಪ್ಪನ ಹರಗೋಲಿನಲ್ಲಿ ಹುಟ್ಟು ಹಿಡಿದು ಕುಳಿತಿದ್ದ. ಹೊಳೆ ದಾಟಿಸುವುದೇ ಅಂಬಿಗರ ಸೇವೆಯೆಂದು ಅವರ ಪಾಳಿಯನ್ನು ಅಪ್ಪಗಳು ಅಂದೇ ಒಲೆಯಿಂದ ಹೊಳೆಗೆ ಬದಲಿಸಿದರು. ಸಿದರಾಯ ವಿದ್ಯೆಯನ್ನು ಕಲಿತನೇ ಹೊರತು ಸಿಟ್ಟನ್ನು ಬಿಡಲಿಲ್ಲ. ಮಠದ ಪ್ರಸಾದ ಮುಟ್ಟಲಿಲ್ಲ, ಅಪ್ಪಗಳು ಎದುರಾದರೆ ತಲೆ ಬಾಗಿಸಲಿಲ್ಲ.

ಮುಂದಿನ ವರ್ಷದ ನೆರೆಯಲ್ಲಿ ಅಪ್ಪಗಳು ಆಚೆ ದಂಡೆಯ ಭಕ್ತರ ಮನೆಗೆ ಪಾದಪೂಜೆಗೆ ಹೊರಟಿದ್ದರು. ಅಂದು ಹುಟ್ಟು ಹಿಡಿದವನು ಸಿದರಾಯ. ಜನ ಆಗಲೇ ತುಂಬಿದ್ದ ಹರಗೋಲಿನಲ್ಲಿ ಉಳಿದಿದ್ದ ಒಂದೇ ಜಾಗದಲ್ಲಿ ಕುಳಿತರು. ಅಷ್ಟರಲ್ಲಿ ಆಚೆ ದಂಡೆಯಲ್ಲಿ ಹಾವು ಕಚ್ಚಿ ಮಲಗಿದ್ದ ತಾಯಿಗೆ ಕೊಡಲು ಔಷಧಿ ತೆಗೆದುಕೊಂಡು ಒಬ್ಬ ಹೆಣ್ಣುಮಗಳು ಏದುಸಿರು ಬಿಡುತ್ತ ದಂಡೆಗೆ ಬಂದಳು. ಇನ್ನೊಬ್ಬರು ಹತ್ತಿದರೆ ಹರಗೋಲು ತಡೆಯುತ್ತಿರಲಿಲ್ಲ. ಸಿದರಾಯ ಅಪ್ಪಗಳತ್ತ ತಿರುಗಿದ.

“ಇಳೀರಿ ಅಪ್ಪಾರ. ಪಾದಪೂಜಿ ನಾಳೆ ಆದರೂ ನಡೀತೈತಿ.”

ದಂಡೆಯಲ್ಲಿದ್ದ ಭಕ್ತರು ಕೆರಳಿದರು. ಅಪ್ಪಗಳು ಮಾತ್ರ ಥಟ್ಟನೆ ಎದ್ದು ಕಾವಿಯ ಸಮೇತ ಮೊಳಕಾಲುದ್ದ ರಾಡಿಯಲ್ಲಿ ಇಳಿದರು. ಹರಗೋಲು ಆಚೆ ದಂಡೆ ಮುಟ್ಟುವವರೆಗೂ ಅಲ್ಲೇ ಕೈಮುಗಿದು ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

ತಿರುಗಿ ಬಂದ ಸಿದರಾಯ ಅವರು ಇನ್ನೂ ನಿಂತಿರುವುದನ್ನು ಕಂಡ. ಹುಟ್ಟನ್ನು ಕೆಳಗಿಟ್ಟ. ಆ ರಾಡಿಯಲ್ಲೇ ಉದ್ದಕ್ಕೆ ಬಿದ್ದು ಅವರ ಪಾದ ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

ಅಪ್ಪಗಳು ಅವನ ತೋಳು ಹಿಡಿದು ಎಬ್ಬಿಸಿದರು. “ಏಳು, ದಂಡ್ಯಾಗ ಮಂದಿ ಕಾಯಾಕತ್ತಾರ” ಎಂದರು.